ಗಂಡಾಂತರದಲ್ಲಿ ನಿಲ್ಲುವ ಕಥೆ: ಆರಂಭಕಾಲದ ಧಾರಾವಾಹಿ ಚಲಚ್ಚಿತ್ರಗಳೂ ಅವುಗಳ ನಟವರ್ಗವೂ

ರಾಯಚೂರಿನ ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಕೋಟೆಯ ಕಡೆಗೆ ಓಡುತ್ತದೆ. ೧೫೨೦ರ ಕಾಳಗ, ಕೃಷ್ಣದೇವರಾಯನ ದಂಡು, ಆದಿಲ್‌ಶಾಹಿಯ ಸೋಲು, ಇವು ಪರೀಕ್ಷೆಗೆ ಬರುವ ವಿಷಯಗಳು. ಪ್ರಕೃತ ಲೇಖನದಲ್ಲಿ ನಾವು ಕೋಟೆಯನ್ನು ಬಿಟ್ಟು ರೈಲು ನಿಲ್ದಾಣದಿಂದ ಹೊರಡಬೇಕೆಂದಿದ್ದೇವೆ. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಮಾರ್ಗವೂ ಮದರಾಸಿನ ಕಡೆಯಿಂದ ಬಂದ ಮದರಾಸ್ ರೈಲುಮಾರ್ಗವೂ ೧೮೭೧ರಲ್ಲಿ ಒಂದನ್ನೊಂದು ಕೂಡಿದ್ದು ರಾಯಚೂರಿನಲ್ಲಿ. ಹತ್ತಿ, ಎಣ್ಣೆಕಾಳು, ಟಪಾಲು, ಯಾತ್ರಿಕರು ಎಲ್ಲವೂ ಸಾಗಿದ ಈ ದಾರಿಯಲ್ಲಿಯೇ ಇಪ್ಪತ್ತನೆಯ ಶತಮಾನದ ಹೊಸ ಸರಕೊಂದೂ ಸಾಗತೊಡಗಿತು: ತಗಡಿನ ಡಬ್ಬಿಗಳಲ್ಲಿ ಸುತ್ತಿಟ್ಟ ಚಲಚ್ಚಿತ್ರದ ಸುರುಳಿ. ದಕ್ಷಿಣದಲ್ಲಿ ಊರೂರಿಗೆ ಚಲಚ್ಚಿತ್ರವನ್ನು ಕೊಂಡೊಯ್ದವರಲ್ಲಿ ಮೊದಲಿಗರಾದ ಸ್ವಾಮಿಕಣ್ಣು ವಿನ್ಸೆಂಟರು ರೈಲ್ವೆ ಇಲಾಖೆಯ ನಕ್ಷೆಗಾರರಾಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ೧೯೦೫ರಲ್ಲಿ ಫ್ರೆಂಚ್ ಪ್ರದರ್ಶಕನೊಬ್ಬನಿಂದ ಯಂತ್ರವನ್ನು ಕೊಂಡು ಅವರು ಡೇರೆಯೊಡನೆ ಸಂಚಾರ ಹೊರಟರು.

ಆ ಸುರುಳಿಗಳಲ್ಲಿ ಸಾಮಾನ್ಯ ಜನರನ್ನು ಬಹುವಾಗಿ ಸೆಳೆದವು ಧಾರಾವಾಹಿ ಸಾಹಸಚಿತ್ರಗಳು. ಇಂಥ ವಿಷಯ ವಿಭಾಗದ ಸಂಚಿಕೆಗೆ ತಕ್ಕುದೇ ಎಂದು ಸಹೋದ್ಯೋಗಿಗಳು ಕೆಲವರು ನಕ್ಕರು. ನಗುವುದಕ್ಕೆ ಕಾರಣವಿಲ್ಲದಿಲ್ಲ. ಅವು ಅಗ್ಗದ ಚಿತ್ರಗಳು; ಕಲೆಯೆಂಬ ಮಾತನ್ನು ಅವುಗಳ ನಿರ್ಮಾಪಕರೇ ಆಡಲಿಲ್ಲ. ಆದರೆ ಒಂದು ವಸ್ತು ಯಾರ ಬೆವರಿನಿಂದ ಅಗ್ಗವಾಯಿತೆಂದು ಕೇಳುವುದು ಇತಿಹಾಸಕಾರನ ಕೆಲಸವೇ ಆಗಿದೆ.

ಧಾರಾವಾಹಿ ಚಿತ್ರವೆಂದರೇನೆಂಬುದನ್ನು ಮೊದಲು ತಿಳಿಯೋಣ. ಒಂದು ದೀರ್ಘ ಕಥೆಯನ್ನು ಹತ್ತು, ಹದಿನೈದು, ಇಪ್ಪತ್ತು ಅಧ್ಯಾಯಗಳಾಗಿ ಒಡೆದು ವಾರಕ್ಕೊಂದರಂತೆ ತೋರಿಸುವುದು ಇದರ ಕ್ರಮ. ಅಧ್ಯಾಯಕ್ಕೆ ಸಾಮಾನ್ಯವಾಗಿ ಎರಡು ರೀಲು. ಪ್ರತಿ ಅಧ್ಯಾಯದ ಕೊನೆಯಲ್ಲಿ ನಾಯಕನೋ ನಾಯಿಕೆಯೋ ಪ್ರಾಣಾಪಾಯಕ್ಕೆ ಸಿಕ್ಕಿಬಿದ್ದಿರುವಾಗಲೇ ತೆರೆ ಕಪ್ಪಾಗುತ್ತದೆ. ಇಂಥ ಅಂತ್ಯಕ್ಕೆ ಕ್ಲಿಫ್‌ಹ್ಯಾಂಗರ್ ಎಂದು ಹೆಸರು; ಬೆಟ್ಟದ ಕೋಡಿನಿಂದ ಜೋತಾಡುತ್ತಿರುವವನನ್ನು ಹಾಗೆಯೇ ಬಿಟ್ಟುಹೋಗುವುದು ಎಂದು ತಾತ್ಪರ್ಯ. ನಾವು ಇದನ್ನು ಗಂಡಾಂತರದ ನಿಲುಗಡೆಯೆಂದು ಕರೆಯುತ್ತೇವೆ.

ಇದು ಹುಟ್ಟಿದ್ದು ಪತ್ರಿಕೆಗಳ ವ್ಯಾಪಾರದಿಂದ. ೧೯೧೨ರಲ್ಲಿ ಎಡಿಸನ್ ಸಂಸ್ಥೆ ಮಹಿಳಾ ಪತ್ರಿಕೆಯೊಂದರ ಜೊತೆಗೂಡಿ ಮೇರಿಯೆಂಬ ತರುಣಿಯ ಕಥೆಯನ್ನು ಹನ್ನೆರಡು ಚಿತ್ರಗಳಲ್ಲಿ ಹೇಳಿತು. ಆದರೆ ಅಲ್ಲಿ ಪ್ರತಿಯೊಂದು ಕಂತೂ ತನ್ನಷ್ಟಕ್ಕೆ ಮುಗಿಯುತ್ತಿತ್ತು. ಮರುವರ್ಷದ ಡಿಸೆಂಬರ್ ಕೊನೆಯಲ್ಲಿ ಷಿಕಾಗೋದ ಸೆಲಿಗ್ ಸಂಸ್ಥೆಯವರು ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯ ಸಹಕಾರದಿಂದ ‘ದಿ ಅಡ್ವೆಂಚರ್ಸ್ ಆಫ್ ಕ್ಯಾಥ್ಲಿನ್’ ಎಂಬ ಚಿತ್ರವನ್ನು ಆರಂಭಿಸಿದರು. ಕಥೆಯನ್ನು ಅಪಾಯದ ನಡುವೆ ನಿಲ್ಲಿಸಿ ಮುಂದಿನ ಕಂತಿಗೆ ಎಳೆಯುವ ಪದ್ಧತಿಗೆ ಇದನ್ನೇ ಮೂಲವೆನ್ನುತ್ತಾರೆ. ನಮಗೆ ಇದರಲ್ಲಿ ಬೇರೊಂದು ಸ್ವಾರಸ್ಯವುಂಟು: ಈ ಕಥೆ ನಡೆಯುವುದು ಭಾರತದಲ್ಲಿ! ಭೂಪಟದಲ್ಲಿಲ್ಲದ ‘ಅಲ್ಲಾಹಾ’ ಎಂಬ ಸಂಸ್ಥಾನಕ್ಕೆ ಅಮೆರಿಕದ ಹುಡುಗಿ ಬಂದು ಬಲವಂತದಿಂದ ರಾಣಿಯಾಗುತ್ತಾಳೆ. ಸೆಲಿಗನು ತನ್ನಲ್ಲಿದ್ದ ಮೃಗಾಲಯದ ಪ್ರಾಣಿಗಳನ್ನು ಆಡಿಸಲು ಒಂದು ನೆಪ ಬೇಕಾಗಿತ್ತು. ಆ ನೆಪಕ್ಕೆ ನಮ್ಮ ದೇಶ ಒದಗಿತು. ಪಾಶ್ಚಾತ್ಯರು ಪೂರ್ವದೇಶಗಳನ್ನು ಹೇಗೆ ಕಲ್ಪಿಸಿಕೊಂಡರೆಂಬುದನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರು ದಪ್ಪ ಗ್ರಂಥಗಳ ಜೊತೆಗೆ ಇದನ್ನೂ ಉದಾಹರಿಸಬಹುದು.

೧೯೧೪ರ ‘ದಿ ಪೆರಿಲ್ಸ್ ಆಫ್ ಪಾಲಿನ್’ ಇಪ್ಪತ್ತು ಅಧ್ಯಾಯಗಳ ಚಿತ್ರ. ಇದರ ನಾಯಿಕೆ ಪರ್ಲ್ ವೈಟಳ ಹೆಸರು ಸಮುದ್ರಗಳನ್ನು ದಾಟಿತು. ಗಂಡಾಂತರದ ನಿಲುಗಡೆಗೆ ಈ ಚಿತ್ರವೇ ಮಾದರಿಯೆಂದು ಹಲವರು ಬರೆಯುವುದುಂಟು. ಅದು ಸರಿಯಲ್ಲ. ಇದರಲ್ಲಿ ಬಹುಮಟ್ಟಿಗೆ ಆಯಾ ಅಧ್ಯಾಯದ ಅಪಾಯ ಆಯಾ ಅಧ್ಯಾಯದಲ್ಲಿಯೇ ಕಳೆಯುತ್ತದೆ. ಇನ್ನೊಂದು ತೊಡಕೂ ಇದೆ. ಇಂದು ಉಳಿದಿರುವ ಪ್ರತಿ, ಯೂರೋಪಿನ ಪ್ರೇಕ್ಷಕರಿಗಾಗಿ ಒಂಬತ್ತು ಅಧ್ಯಾಯಗಳಿಗೆ ಇಳಿಸಿದ್ದು. ಅದರ ಬರೆಹಗಳು ಫ್ರೆಂಚಿಗೆ ಹೋಗಿ ಮರಳಿ ಇಂಗ್ಲಿಷಿಗೆ ಬಂದು ವಿಕಾರವಾಗಿವೆ. ಶಾಸನದ ತಪ್ಪುಪ್ರತಿಯನ್ನು ಮೂಲವೆಂದು ನಂಬಿದವನಿಗೆ ಆಗುವ ಗತಿ ಚಲಚ್ಚಿತ್ರದ ಚರಿತ್ರಕಾರನಿಗೂ ತಪ್ಪಿದ್ದಲ್ಲ.

ಇನ್ನು ಹಣದ ಮಾತು. ಧಾರಾವಾಹಿಯ ಎಲ್ಲ ಉಪಾಯಗಳೂ ಮಿತವ್ಯಯದ ಉಪಾಯಗಳೇ. ಒಂದೇ ಗುಹೆ, ಒಂದೇ ಸೇತುವೆ, ಒಂದೇ ಕುದುರೆಲಾಯ ಅಧ್ಯಾಯದಿಂದ ಅಧ್ಯಾಯಕ್ಕೆ ವೇಷ ಬದಲಿಸಿಕೊಂಡು ಬರುತ್ತವೆ. ಮಾತುಬಂದ ಕಾಲದಲ್ಲಿ, ಅಂದರೆ ೧೯೩೫ರಲ್ಲಿ ಹುಟ್ಟಿದ ರಿಪಬ್ಲಿಕ್ ಸಂಸ್ಥೆಯಂಥವರ ಕೈಯಲ್ಲಿ, ಈ ವಿದ್ಯೆ ಪರಿಷ್ಕಾರ ಹೊಂದಿತು. ಪಾತ್ರಗಳು ಒಂದೆಡೆ ಕುಳಿತು ಹಿಂದಿನದನ್ನು ಮೆಲುಕು ಹಾಕುವಂತೆ ಮಾಡಿ ಹಳೆಯ ತುಣುಕುಗಳನ್ನೇ ಮತ್ತೆ ತೋರಿಸಿ ಒಂದು ಇಡೀ ಅಧ್ಯಾಯವನ್ನು ತುಂಬುತ್ತಿದ್ದರು. ನಿಲುಗಡೆಯಲ್ಲಿಯೂ ಮೋಸವಿತ್ತು. ಈ ವಾರ ಕಾರು ನಾಯಕನ ಸಮೇತ ಕಮರಿಗೆ ಉರುಳಿದ್ದನ್ನು ಕಣ್ಣಾರೆ ಕಂಡೆವು. ಮುಂದಿನ ವಾರ ಅದೇ ದೃಶ್ಯದಲ್ಲಿ, ಕಾರು ಉರುಳುವ ಮುನ್ನ ಅವನು ಹೊರಕ್ಕೆ ಹಾರುವ ಒಂದು ತುಣುಕು ಎಲ್ಲಿಂದಲೋ ಬಂದು ಸೇರಿಕೊಂಡಿರುತ್ತದೆ. ಮಕ್ಕಳು ಕೂಗಾಡಿದರೂ ಮರುವಾರ ಮತ್ತೆ ಬರುತ್ತಿದ್ದರು.

ಈ ಅಗ್ಗದ ಲೆಕ್ಕದಲ್ಲಿ ಅಗ್ಗವಾಗದೆ ಉಳಿದಿದ್ದುದು ಮನುಷ್ಯದೇಹವೊಂದೇ. ಮಹಲನ್ನು ಕಟ್ಟಿಸಲು ಹಣವಿಲ್ಲದಿದ್ದರೆ ನಟನನ್ನು ಓಡುವ ರೈಲಿನ ಮೇಲೆ ಓಡಿಸಬೇಕು. ದಂಡು ಸೇರಿಸಲು ಹಣವಿಲ್ಲದಿದ್ದರೆ ನಟಿಯನ್ನು ಜಲಪಾತದ ಮೇಲೆ ತೂಗಹಾಕಬೇಕು. ‘ದಿ ಹಜಾರ್ಡ್ಸ್ ಆಫ್ ಹೆಲೆನ್’ ೧೯೧೪ರಿಂದ ೧೯೧೭ರವರೆಗೆ ೧೧೯ ಕಂತುಗಳಲ್ಲಿ ನಡೆಯಿತು. ರೈಲು ಕಚೇರಿಯ ತಂತಿ ಗುಮಾಸ್ತೆಯೇ ಅದರ ನಾಯಿಕೆ. ಮೊದಲು ಹೆಲೆನ್ ಹೋಮ್ಸ್ ಆ ಪಾತ್ರವನ್ನು ವಹಿಸಿದಳು, ಅನಂತರ ಹೆಲೆನ್ ಗಿಬ್ಸನ್. ಅಪಾಯದ ಕೆಲಸ ತಾನೇ ಮಾಡುತ್ತೇನೆಂಬುದು ಪರ್ಲ್ ವೈಟಳ ಕೀರ್ತಿಗೆ ಕಾರಣವಾಗಿತ್ತು. ೧೯೨೨ರಲ್ಲಿ ಅವಳ ಕೊನೆಯ ಅಮೆರಿಕನ್ ಧಾರಾವಾಹಿ ‘ಪ್ಲಂಡರ್’ ತಯಾರಾಗುತ್ತಿದ್ದಾಗ ನ್ಯೂಯಾರ್ಕಿನಲ್ಲಿ ಬಸ್ಸಿನ ಮೇಲಿನಿಂದ ಮೇಲುರೈಲಿನ ತೊಲೆಗೆ ನೆಗೆಯುವ ದೃಶ್ಯ ಬಂದಿತು. ನೆಗೆದದ್ದು ಜಾನ್ ಸ್ಟೀವನ್‌ಸನ್ ಎಂಬ ಗಂಡಸು, ನಾಯಿಕೆಯ ಹೊಂಗೂದಲಿನ ಟೋಪನ್ ಧರಿಸಿ. ಅವನು ಬಿದ್ದು ಸತ್ತನು. ಬದಲಿಯೊಬ್ಬ ಇದ್ದನೆಂಬ ಸಂಗತಿ ಲೋಕಕ್ಕೆ ತಿಳಿದದ್ದು ಅವನ ಸಾವಿನಿಂದ.

ಈಗ ನಮ್ಮ ದೇಶಕ್ಕೆ ಬರೋಣ. ಅಮೆರಿಕದ ಧಾರಾವಾಹಿಗಳು ಒಂದನೆಯ ಮಹಾಯುದ್ಧದ ಕಾಲದಿಂದ ಇಲ್ಲಿಯೂ ಜನಪ್ರಿಯವಾಗಿದ್ದವು. ಪರ್ಲ್ ವೈಟ್, ಸರ್ಕಸ್ಸಿನಿಂದ ಬಂದ ಎಡ್ಡಿ ಪೋಲೋ, ಇವರು ಮನೆಮಾತಾದರು. ವಾರವಾರ ಕಾಯಿಸದೆ ಹಲವು ಅಧ್ಯಾಯಗಳನ್ನು ಒಂದೇ ಆಟದಲ್ಲಿ ತೋರಿಸುವ ವಾಡಿಕೆಯೂ ಇಲ್ಲಿ ಇತ್ತು. ದೇಶೀಯರೂ ಹಿಂದುಳಿಯಲಿಲ್ಲ. ೧೯೧೮ರಲ್ಲಿ ಪಾಟಣಕರರು ‘ರಾಮ ವನವಾಸ’ವನ್ನು ಕಂತುಗಳಾಗಿ ತಯಾರಿಸಿದರು. ರಾಮಾಯಣದಲ್ಲಿ ಮುಂದೇನಾಗುವುದೆಂದು ಯಾರಿಗೆ ತಾನೆ ತಿಳಿಯದು? ಆದರೂ ಜನ ನೋಡುತ್ತಾರೆ. ಪುರಾಣಶ್ರವಣ ಮಾಡಿದ ಜನಕ್ಕೆ ಕಥೆ ನಿಲ್ಲುವುದೂ ಮರುದಿನ ಮುಂದುವರಿಯುವುದೂ ಹೊಸದಲ್ಲ.

ಮುಂಬಯಿಯಲ್ಲಿ ಜೆ. ಬಿ. ಎಚ್. ವಾಡಿಯಾ ಮತ್ತು ಹೋಮಿ ವಾಡಿಯಾ ಸಹೋದರರು ಅಮೆರಿಕದ ಸಾಹಸಚಿತ್ರಗಳ ರುಚಿಯನ್ನು ದೇಶೀ ಕಥೆಗಳಿಗೆ ಬೆರೆಸಿದರು. ಇವರ ನಾಯಿಕೆ ನಾಡಿಯಾ. ಹುಟ್ಟುಹೆಸರು ಮೇರಿ ಇವಾನ್ಸ್, ೧೯೦೮ರಲ್ಲಿ ಆಸ್ಟ್ರೇಲಿಯದ ಪರ್ತಿನಲ್ಲಿ ಜನನ. ಸರ್ಕಸ್ಸಿನಲ್ಲಿ ದುಡಿದ ಈಕೆ ೧೯೩೫ರ ‘ಹಂಟರ್‌ವಾಲಿ’ಯಲ್ಲಿ ಮುಖವಾಡ ತೊಟ್ಟು ಚಾವಟಿ ಹಿಡಿದು ನಿಂತಳು, ಮರುವರ್ಷ ‘ಮಿಸ್ ಫ್ರಾಂಟಿಯರ್ ಮೇಲ್’ನಲ್ಲಿ ರೈಲುಡಬ್ಬಿಯ ಮೇಲೆ ಹೊಡೆದಾಡಿದಳು. ಬದಲಿಯವರಿಲ್ಲದೆ ಅಪಾಯದ ಕೆಲಸಗಳನ್ನು ತಾನೇ ಮಾಡಿದ ನಟಿ ಈಕೆ. ಇವು ಧಾರಾವಾಹಿಗಳಲ್ಲ, ಒಂದೇ ಆಟದಲ್ಲಿ ಮುಗಿಯುವ ಚಿತ್ರಗಳು. ಆದರೆ ಅಪಾಯ, ಪಾರು, ಮತ್ತೆ ಅಪಾಯ ಎಂಬ ಅವುಗಳ ನಡೆ ಧಾರಾವಾಹಿಯದೇ.

ನಾಡಿಯಾಗೆ ಮೊದಲು ೧೯೩೧ರ ಮೂಕಚಿತ್ರ ‘ದಿಲೇರ್ ಜಿಗರ್’ ಇದೆ. ಅಳಿಯದೆ ಉಳಿದ ಕೆಲವೇ ಮೂಕಚಿತ್ರಗಳಲ್ಲಿ ಅದೊಂದು. ಅದರ ಕತ್ತಿವರಸೆಯ ನಾಯಿಕೆಯನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು, ಬಲ್ಲೆವೆಂದು ಅರಿಯರು. ಆಕೆ ಲಲಿತಾ ಪವಾರ್. ೧೯೪೨ರಲ್ಲಿ ಚಿತ್ರೀಕರಣದ ವೇಳೆ ಸಹನಟನು ಹೊಡೆದ ಏಟಿನಿಂದ ಆಕೆಯ ಮುಖದ ನರಕ್ಕೆ ಪೆಟ್ಟಾಗಿ ಎಡಗಣ್ಣು ಊನವಾಯಿತು. ನಾಯಿಕೆಯ ಪಾತ್ರಗಳು ಅಲ್ಲಿಗೆ ಮುಗಿದು ಅತ್ತೆಯ ಪಾತ್ರಗಳು ಆರಂಭವಾದವು. ೧೯೮೭ರಲ್ಲಿ ದೂರದರ್ಶನದ ‘ರಾಮಾಯಣ’ ಧಾರಾವಾಹಿಯಲ್ಲಿ ಮಂಥರೆಯಾಗಿ ಆಕೆ ಬಂದಾಗ, ಆ ಕಿರಿದಾದ ಕಣ್ಣನ್ನು ಜನ ನಟನೆಯ ಭಾಗವೆಂದೇ ಭಾವಿಸಿದರು.

ಕನ್ನಡನಾಡಿನ ಪಾಲೇನು? ೧೯೨೯ರಲ್ಲಿ ಹರಿಭಾಯಿ ದೇಸಾಯಿ ಮತ್ತು ಭೋಗಿಲಾಲ್ ದವೆ ಅವರು ಬೆಂಗಳೂರಿನಲ್ಲಿ ಸೂರ್ಯ ಫಿಲ್ಮ್ ಕಂಪೆನಿಯನ್ನು ಸ್ಥಾಪಿಸಿ, ಕಡಿಮೆ ವೆಚ್ಚದ ಸಾಹಸಚಿತ್ರಗಳನ್ನು ಒಂದರ ಹಿಂದೊಂದು ತೆಗೆದರು. ೧೯೩೧ರಲ್ಲಿ ‘ಆಲಂ ಆರಾ’ ಮಾತನಾಡಿತು. ಅದರ ಬೆನ್ನಿಗೇ ಕಂಪೆನಿ ಮುಚ್ಚಿತು. ನಮ್ಮ ಚಲಚ್ಚಿತ್ರ ಚರಿತ್ರೆಗಳು ೧೯೩೪ರ ‘ಸತಿ ಸುಲೋಚನಾ’ದಿಂದ ಆರಂಭವಾಗುವುದು ವಾಡಿಕೆ. ಕನ್ನಡ ಮಾತಿನ ಚಿತ್ರಗಳಿಗೆ ಅದು ಸರಿಯಾದ ಆರಂಭವೇ. ಆದರೆ ಆ ಚಿತ್ರ ತಯಾರಾದದ್ದು ಕೊಲ್ಲಾಪುರದಲ್ಲಿ. ಅದಕ್ಕೆ ಮೊದಲೇ ಬೆಂಗಳೂರಿನ ನೆಲದ ಮೇಲೆ ಕುದುರೆ ಓಡಿಸಿದ, ಗೋಡೆ ಹಾರಿದ ನಟರಿಗೆ ಮೊದಲ ಪುಟದಲ್ಲಿ ಸ್ಥಳವಿಲ್ಲ. ಅವರು ಆಡಿದ ಭಾಷೆ ಯಾವುದೆಂದು ಕೇಳುವಂತಿಲ್ಲ, ಅವರು ಮಾತನಾಡಲೇ ಇಲ್ಲ. ಭಾಷೆಯನ್ನು ಅಳತೆಗೋಲು ಮಾಡಿದ ಚರಿತ್ರೆಯಲ್ಲಿ ಮೂಕರಿಗೆ ಎಡೆ ದೊರೆಯದಿರುವುದು ಅನ್ಯಾಯವೆಂದೇ ನಮ್ಮ ಮತ.

ರಾಯಚೂರು ಅಂದು ನಿಜಾಮರ ಆಳಿಕೆಯಲ್ಲಿತ್ತು. ಆ ರಾಜ್ಯದ ಕಥೆಯೇ ಬೇರೆ. ಧೀರೇಂದ್ರನಾಥ ಗಂಗೂಲಿಯವರು ೧೯೨೨ರಲ್ಲಿ ಹೈದರಾಬಾದಿನಲ್ಲಿ ಲೋಟಸ್ ಕಂಪೆನಿಯನ್ನು ಆರಂಭಿಸಿದರು. ೧೯೨೪ರಲ್ಲಿ ‘ರಜಿಯಾ ಬೇಗಂ’ ಎಂಬ ಚಿತ್ರವನ್ನು ತೋರಿಸಿದ್ದಕ್ಕಾಗಿ ರಾಜ್ಯ ಬಿಟ್ಟು ಹೋಗಬೇಕೆಂದು ಅವರಿಗೆ ಆಜ್ಞೆಯಾಯಿತು. ಕರೀಂನಗರದ ತರುಣ ಪೈಡಿ ಜೈರಾಜ್ ಹೆಸರು ಮಾಡಿದ್ದು ಮುಂಬಯಿಯ ಮೂಕಚಿತ್ರಗಳಲ್ಲಿ. ಐವತ್ತು ವರ್ಷ ಕಳೆದ ಮೇಲೆ ೧೯೮೦ರ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು.

ರೈಲು ಮುಟ್ಟದ ದೇವದುರ್ಗ, ಮಾನ್ವಿಗಳಂಥ ಊರುಗಳಿಗೆ ಚಿತ್ರ ಬಂದದ್ದು ಟೂರಿಂಗ್ ಟಾಕೀಸಿನ ಡೇರೆಯಲ್ಲಿ. ಇಲ್ಲೊಂದು ಯಂತ್ರವಿಷಯವನ್ನು ಗಮನಿಸಬೇಕು. ಸಾವಿರ ಅಡಿಯ ಒಂದು ರೀಲು ಮಾತಿನ ಚಿತ್ರದ ವೇಗದಲ್ಲಿ ಸುಮಾರು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಪಟ್ಟಣದ ಮಂದಿರದಲ್ಲಿ ಯಂತ್ರಗಳು ಎರಡು. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಸಿದ್ಧವಾಗಿರುತ್ತದೆ. ಯಂತ್ರ ಒಂದೇ ಇರುವ ಡೇರೆಯಲ್ಲಿಯಾದರೋ ರೀಲು ಮುಗಿದಾಗಲೆಲ್ಲ ಆಟ ನಿಲ್ಲಬೇಕು, ದೀಪ ಹತ್ತಬೇಕು, ಹೊಸ ಸುರುಳಿಯನ್ನು ಏರಿಸಬೇಕು. ಚಿತ್ರ ಭಕ್ತಿಯದಾಗಿರಲಿ, ಸಂಸಾರದ್ದಾಗಿರಲಿ, ಇಲ್ಲಿ ಅದು ತುಂಡು ತುಂಡಾಗಿಯೇ ಬರುವುದು. ಷಿಕಾಗೋದ ಪತ್ರಿಕಾಧಿಪತಿಗಳು ಲಾಭಕ್ಕಾಗಿ ಹೂಡಿದ ನಿಲುಗಡೆಯನ್ನು ನಮ್ಮ ಕಡೆ ಬಡತನವೇ ಹೂಡಿತು. ನಿಲ್ಲುವ ಜಾಗವನ್ನು ಲೇಖಕನಲ್ಲ, ಸುರುಳಿಯ ಉದ್ದ ಗೊತ್ತುಮಾಡುತ್ತಿತ್ತು ಎಂಬುದಷ್ಟೇ ವ್ಯತ್ಯಾಸ.

ಅಮೆರಿಕದ ಕೊನೆಯ ಧಾರಾವಾಹಿ ಚಿತ್ರ ತೆರೆಗೆ ಬಂದದ್ದು ೧೯೫೬ರಲ್ಲಿ, ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷದಲ್ಲಿಯೇ. ಎರಡಕ್ಕೂ ಸಂಬಂಧವೇನೂ ಇಲ್ಲ. ಕಾಲವನ್ನು ನೆನಪಿಡಲು ಅನುಕೂಲ, ಅಷ್ಟೆ. ಮೂಕಚಿತ್ರಗಳನ್ನು ಕಂಡವರು ಇಂದು ಉಳಿದಿಲ್ಲ. ಭಾರತದಲ್ಲಿ ತಯಾರಾದ ಸಾವಿರಕ್ಕೂ ಮೀರಿದ ಮೂಕಚಿತ್ರಗಳಲ್ಲಿ ಉಳಿದವು ಅತ್ಯಲ್ಪ; ಪುಣೆಯಲ್ಲಿ ಚಲಚ್ಚಿತ್ರ ಭಂಡಾರ ಸ್ಥಾಪನೆಯಾದದ್ದೇ ೧೯೬೪ರಲ್ಲಿ. ಆದರೆ ಡೇರೆಯಲ್ಲಿ ಕುಳಿತು ನೋಡಿದವರು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದಿಡುವ ಕೆಲಸ ಎಂ. ಎ. ವಿದ್ಯಾರ್ಥಿಗಳಿಗೆ ತಕ್ಕದ್ದು, ಮುಂದಕ್ಕೆ ಹಾಕುವಂಥದೂ ಅಲ್ಲ.

ಮಾನ್ವಿಯಲ್ಲಿ ಹಿರಿಯರೊಬ್ಬರ ಜಗಲಿಯ ಮೇಲೆ ಕುಳಿತು ನಾವು ಇಂಥ ಚಿತ್ರಗಳ ಬಗ್ಗೆ ಕೇಳಿದೆವು. ಚಿತ್ರದ ಹೆಸರು ಅವರಿಗೆ ನೆನಪಿರಲಿಲ್ಲ. ನಟಿಯ ಹೆಸರೂ ಇಲ್ಲ. “ಹಂಟರ್ ಹಿಡಕೊಂಡು ಕುದುರಿ ಮ್ಯಾಲ ಬರ್ತಿದ್ಳು ನೋಡ್ರಿ ಸರ, ಮುಂದ ಹಳ್ಳ ಬಂತು, ಕುದುರಿ ಎದ್ದು ಹಾರಿತು,” ಎಂದು ಕೈಯೆತ್ತಿ ತೋರಿಸಿದರು. ಆಮೇಲೇನಾಯಿತೆಂದು ಕೇಳಿದೆವು.

“ಅಷ್ಟರಾಗ ರೀಲು ಮುಗೀತ್ರಿ.”