ವೀಸಾ ಇಲ್ಲವೆಂದರೆ ನ್ಯಾಯವೂ ಇಲ್ಲವೆ?

ದೇವನಹಳ್ಳಿ ಎಂದೊಡನೆ ಹಿಂದೆ ಕೋಟೆಯೂ ಚಕ್ಕೋತದ ತೋಟಗಳೂ ಕಣ್ಣ ಮುಂದೆ ಬರುತ್ತಿದ್ದುವು. 2008ರ ಮೇ ತಿಂಗಳಲ್ಲಿ ಅಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ತೆರೆದಂದಿನಿಂದ ಆ ಊರು ಪರದೇಶದ ಹೆಬ್ಬಾಗಿಲೂ ಆಗಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗನೂ ಹೊಸಕೋಟೆಯ ಉಪಾಧ್ಯಾಯರ ಮಗಳೂ ಇಂದು ಆ ಬಾಗಿಲನ್ನು ದಾಟಿ ಓದಲು, ದುಡಿಯಲು ಹೋಗಬೇಕೆಂದು ಬಯಸುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ವಿಶ್ವವಿದ್ಯಾನಿಲಯವು ಪ್ರವೇಶವಿತ್ತು, ಬ್ಯಾಂಕು ಸಾಲವಿತ್ತು, ನೆಂಟರಿಷ್ಟರೆಲ್ಲ ಹರಸಿದ ಮೇಲೆಯೂ ವೀಸಾ ಅಧಿಕಾರಿಯು ಒಲ್ಲೆನೆಂದರೆ ಎಲ್ಲವೂ ನಿಂತುಹೋಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ಅರ್ಥವು ಅಂದು ಮನೆಮಂದಿಗೆಲ್ಲ ತಿಳಿಯುತ್ತದೆ. ಇದಕ್ಕೆ ಕೋರ್ಟಿನಲ್ಲಿ ಪರಿಹಾರವಿಲ್ಲವೆ? ಪರಿಹಾರವು ಕೆಲವೊಮ್ಮೆ ಉಂಟು, ಕೆಲವೊಮ್ಮೆ ಇಲ್ಲ. ನಮ್ಮನ್ನು ತಡೆದವರು ಯಾರು ಎಂಬುದನ್ನು ಅದು ಅವಲಂಬಿಸಿದೆ.

ಎರಡು ಕಾಗದ, ಇಬ್ಬರು ಒಡೆಯರು

ಪರದೇಶಕ್ಕೆ ಹೊರಟವರಿಗೆ ಎರಡು ಅನುಮತಿಗಳು ಬೇಕು. ಹಿರಿಯರು ರಹದಾರಿ ಎಂದು ಕರೆದ ಪಾಸ್‌ಪೋರ್ಟನ್ನು ನಮ್ಮ ಸರ್ಕಾರವು ಕೊಡುತ್ತದೆ. ವೀಸಾವನ್ನು ಹೋಗಲಿರುವ ದೇಶದ ಸರ್ಕಾರವು ಕೊಡುತ್ತದೆ. ಮೊದಲನೆಯದು ನಮ್ಮ ಮನೆಯಿಂದ ಹೊರಡುವ ಮಾತು. ಎರಡನೆಯದು ಇನ್ನೊಬ್ಬರ ಮನೆಯೊಳಗೆ ಕಾಲಿಡುವ ಮಾತು. ಈ ಭೇದವನ್ನರಿಯದೆ ಕಂಡಕಂಡವರ ಬಾಗಿಲು ತಟ್ಟಿದರೆ ಹಣವೂ ದಿನಗಳೂ ವ್ಯರ್ಥವಾಗುವುವು.

ಹೊರಡುವ ಹಕ್ಕು

ಮೊದಲು ನಮ್ಮ ಮನೆಯ ಸಂಗತಿಯನ್ನು ನೋಡೋಣ. ಹೊರದೇಶಕ್ಕೆ ಹೋಗುವ ಪೌರರಿಗೆ ಪಾಸ್‌ಪೋರ್ಟು ಕೊಡುವ ಬಗ್ಗೆ 1967ರವರೆಗೆ ನಮ್ಮಲ್ಲಿ ಶಾಸನವೇ ಇರಲಿಲ್ಲ. ಕೊಡುವುದೂ ಬಿಡುವುದೂ ಅಧಿಕಾರಿಗಳ ಇಷ್ಟಕ್ಕೆ ಸೇರಿದ್ದಿತು. ಇದನ್ನು ಪ್ರಶ್ನಿಸಿದ ಮೊದಲ ನ್ಯಾಯಾಲಯಗಳಲ್ಲಿ ನಮ್ಮದೂ ಒಂದೆಂಬುದು ಕನ್ನಡಿಗರು ನೆನೆಯತಕ್ಕ ವಿಷಯ. 1965ರಲ್ಲಿ ವರದಿಯಾದ ಡಾ. ಎಸ್. ಎಸ್. ಸದಾಶಿವ ರಾವ್ ಮೊಕದ್ದಮೆಯಲ್ಲಿ, ಅಂದಿನ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು, ಹೊರದೇಶಕ್ಕೆ ಹೋಗುವುದು ಸಂವಿಧಾನದ 21ನೆಯ ವಿಧಿಯು ಕಾಪಾಡುವ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಹೇಳಿದರು. ಕಾರ್ಕಳ ಸೀಮೆಯಲ್ಲಿ ಹುಟ್ಟಿದ ಇವರೇ ಮುಂದೆ ಲೋಕಸಭೆಯ ಅಧ್ಯಕ್ಷರಾದವರು.

1967ರ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದೇ ಮಾತನ್ನು ಎತ್ತಿಹಿಡಿಯಿತು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಅಷ್ಟು ಅಲ್ಪ ಬಹುಮತದಿಂದ ದೊರೆತ ಹಕ್ಕು ಅದು! ಅದೇ ವರ್ಷ ಪಾಸ್‌ಪೋರ್ಟು ಶಾಸನವು ಬಂದಿತು. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ವಶಪಡಿಸಿಕೊಂಡ ಸರ್ಕಾರವು ಕಾರಣವನ್ನು ತಿಳಿಸಲು ನಿರಾಕರಿಸಿತು. 1978ರ ಜನವರಿ 25ರಂದು ಏಳು ನ್ಯಾಯಮೂರ್ತಿಗಳ ಪೀಠವು, ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ವಿಧಾನವು ನ್ಯಾಯಸಮ್ಮತವಾಗಿರಬೇಕು, ಬಾಧಿತರ ಮಾತನ್ನು ಕೇಳಬೇಕು ಎಂದು ಸಾರಿತು.

ಆದುದರಿಂದ ಪಾಸ್‌ಪೋರ್ಟನ್ನು ನಿರಾಕರಿಸಿದರೆ ಲಿಖಿತ ಕಾರಣವನ್ನು ಕೇಳಬಹುದು. ದೇಶದ ಭದ್ರತೆಯೇ ಮೊದಲಾದ ಕೆಲವು ನಿಮಿತ್ತಗಳನ್ನು ಬಿಟ್ಟರೆ ಅದನ್ನು ಕೊಡಲೇಬೇಕು. ಸಾಮಾನ್ಯವಾಗಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಹೈಕೋರ್ಟಿನ ಬಾಗಿಲೂ ತೆರೆದಿರುತ್ತದೆ. ಕ್ರಿಮಿನಲ್ ಮೊಕದ್ದಮೆಯೊಂದು ಬಾಕಿಯಿರುವ ಕಾರಣಕ್ಕೆ ತಡೆಯುಂಟಾದರೆ, ಅದು ನಡೆಯುತ್ತಿರುವ ಕೋರ್ಟಿನಿಂದಲೇ ಪ್ರಯಾಣಕ್ಕೆ ಅನುಮತಿಯನ್ನು ಪಡೆಯುವ ಮಾರ್ಗವುಂಟು.

ಪರರ ಬಾಗಿಲು

ವೀಸಾದ ವಿಷಯ ಬೇರೆ. ಅನ್ಯದೇಶದ ಅಧಿಕಾರಿಗೆ ವೀಸಾ ಕೊಡೆಂದು ಆಜ್ಞಾಪಿಸುವ ಶಕ್ತಿ ನಮ್ಮ ಯಾವ ನ್ಯಾಯಾಲಯಕ್ಕೂ ಇಲ್ಲ. ಆಯಾ ದೇಶದ ಕಾನೂನೇ ಇಲ್ಲಿ ಗತಿ.

ಅಮೆರಿಕವು ಈ ವಿಷಯದಲ್ಲಿ ಅತ್ಯಂತ ಕಠಿಣ. ಊರಿಗೆ ಮರಳುವ ನಂಬಿಕೆ ಸಾಲದೆಂದು ವಿದ್ಯಾರ್ಥಿ ಅಥವಾ ಪ್ರವಾಸಿ ವೀಸಾವನ್ನು ನಿರಾಕರಿಸಿದರೆ ಮೇಲ್ಮನವಿ ಇಲ್ಲ. ಪರಿಸ್ಥಿತಿ ಬದಲಾಗಿದ್ದರೆ ಹೊಸ ಅರ್ಜಿ ಹಾಕಬಹುದು. ಪತಿಗೆ ವೀಸಾ ದೊರೆಯದೆ ಕೋರ್ಟಿಗೆ ಹೋದ ಅಮೆರಿಕದ ಪೌರಳೊಬ್ಬಳ ವಾದವನ್ನೂ ಅಲ್ಲಿನ ಸುಪ್ರೀಂ ಕೋರ್ಟು 2024ರ ಜೂನ್‌ನಲ್ಲಿ ಒಪ್ಪಲಿಲ್ಲ. ಆದರೆ ಆ ನೆಲದ ಮೇಲೆ ಕಾಲಿಟ್ಟವರ ಸ್ಥಿತಿ ಭಿನ್ನ. 2025ರಲ್ಲಿ ಸಾವಿರಾರು ವಿದೇಶೀ ವಿದ್ಯಾರ್ಥಿಗಳ ದಾಖಲೆಗಳನ್ನು ಅಲ್ಲಿನ ಸರ್ಕಾರವು ಹಠಾತ್ತಾಗಿ ರದ್ದುಪಡಿಸಿತು. ಅವರಲ್ಲಿ ಭಾರತೀಯರೂ ಬಹಳ ಮಂದಿ ಇದ್ದರು. ಅನೇಕರು ಕೋರ್ಟಿಗೆ ಹೋದರು. ನ್ಯಾಯಾಧೀಶರು ಒಬ್ಬರ ಮೇಲೊಬ್ಬರು ತಡೆಯಾಜ್ಞೆಯಿತ್ತ ಮೇಲೆ, ಏಪ್ರಿಲ್ ಕೊನೆಯಲ್ಲಿ ಸರ್ಕಾರವು ದಾಖಲೆಗಳನ್ನು ಮರಳಿ ಸ್ಥಾಪಿಸುವುದಾಗಿ ಹೇಳಬೇಕಾಯಿತು.

ಕೆನಡದ ನಿರಾಕರಣೆಯನ್ನು ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಹೊರದೇಶದಲ್ಲಿರುವವರಿಗೆ 60 ದಿನಗಳ ಗಡುವು. ಕೋರ್ಟು ವೀಸಾ ಕೊಡುವುದಿಲ್ಲ. ತೀರ್ಮಾನವು ಅಯುಕ್ತವಾಗಿದ್ದರೆ ಬೇರೊಬ್ಬ ಅಧಿಕಾರಿಯ ಪರಿಶೀಲನೆಗೆ ಕಳುಹಿಸುತ್ತದೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಹೊರಗಿನಿಂದ ಅರ್ಜಿ ಹಾಕಿದವರು 28 ದಿನಗಳೊಳಗೆ ಆಡಳಿತಾತ್ಮಕ ಪುನರ್ವಿಮರ್ಶೆಯನ್ನು ಕೋರಬಹುದು. ಪ್ರವಾಸಿಗಳಿಗೆ ಆ ಸೌಕರ್ಯವಿಲ್ಲ. ಯೂರೋಪಿನ ಷೆಂಗೆನ್ ದೇಶಗಳು ಅಲ್ಪಾವಧಿಯ ವೀಸಾವನ್ನು ನಿರಾಕರಿಸಿದಾಗ ಕಾರಣವನ್ನು ಬರೆದು ತಿಳಿಸಬೇಕು. ನಿರಾಕರಿಸಿದ ದೇಶದಲ್ಲೇ ಮೇಲ್ಮನವಿಗೂ ಅವಕಾಶವಿದೆ.

ಹೀಗಿರುವುದರಿಂದ ನಿರಾಕರಣೆಯ ಪತ್ರವನ್ನು ಸಿಟ್ಟಿನಿಂದ ಹರಿದೆಸೆಯಬಾರದು. ಕಾರಣವೂ ಗಡುವೂ ಅದರಿಂದಲೇ ತಿಳಿಯಬೇಕು. ಕೆಲವೊಮ್ಮೆ ಅದು ನಿರಾಕರಣೆಯಂತೆ ಕಂಡರೂ ಇನ್ನೊಂದು ದಾಖಲೆ ಬೇಕೆಂಬ ಸೂಚನೆಯಷ್ಟೇ ಆಗಿರುವುದುಂಟು.

ತಾಲ್ಲೂಕಿನಲ್ಲೇ ನೆರವು

ಈ ಸಂಕಟದ ಗಳಿಗೆಯಲ್ಲಿಯೇ ದಲ್ಲಾಳಿಯು ಪ್ರತ್ಯಕ್ಷನಾಗುತ್ತಾನೆ. ಬ್ಯಾಂಕಿನ ಪತ್ರ, ಅನುಭವದ ಪತ್ರ ಎಲ್ಲವನ್ನೂ ತಾನೇ ಹೊಂದಿಸುವೆನೆನ್ನುತ್ತಾನೆ. ಇದಕ್ಕಿಂತ ಅಪಾಯವಿಲ್ಲ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಕೆನಡ 5 ವರ್ಷ, ಬ್ರಿಟನ್ 10 ವರ್ಷ ಬಾಗಿಲು ಮುಚ್ಚಬಹುದು. ಅಮೆರಿಕದಲ್ಲಿ ಅದು ಜೀವಮಾನದ ನಿಷೇಧವಾಗಬಹುದು. ನಿರಾಕರಣೆಯು ಒಂದು ವರ್ಷವನ್ನು ನುಂಗಿದರೆ ಸುಳ್ಳು ಯೌವನವನ್ನೇ ನುಂಗುತ್ತದೆ.

ದಲ್ಲಾಳಿಯಿಂದ ಮೋಸಹೋದವರಿಗೆ ನಮ್ಮ ನೆಲದಲ್ಲೇ ನ್ಯಾಯವುಂಟು. ವಂಚನೆಗೆ ಪೊಲೀಸ್ ದೂರು, ಸೇವೆಯ ಲೋಪಕ್ಕೆ ಗ್ರಾಹಕರ ಆಯೋಗ. ಪರದೇಶದ ಉದ್ಯೋಗಕ್ಕೆ ಜನರನ್ನು ಸೇರಿಸುವವರು 1983ರ ವಲಸೆ ಶಾಸನದ ಮೇರೆಗೆ ನೋಂದಾಯಿತರಾಗಿರಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಬಹುದು. 1987ರ ಶಾಸನದ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯವೆಷ್ಟಿದ್ದರೂ ಉಚಿತ ನೆರವಿಗೆ ಅರ್ಹರು. ಇತರರಿಗೆ ಆದಾಯದ ಮಿತಿಯುಂಟು. 15100 ಸಂಖ್ಯೆಗೆ ದೂರವಾಣಿ ಮಾಡಿಯೂ ಸಲಹೆ ಕೇಳಬಹುದು. ಒಟ್ಟಾವದ ಕೋರ್ಟಿನಲ್ಲಿ ಈ ಸಮಿತಿಯು ವಾದಿಸಲಾರದು; ಆದರೆ ಮೋಸದ ದೂರನ್ನೂ ಪಾಸ್‌ಪೋರ್ಟಿನ ಮೇಲ್ಮನವಿಯನ್ನೂ ಬರೆಯಿಸಲು ನೆರವಾಗಬಲ್ಲುದು.

ಪರದೇಶವು ತನ್ನ ಬಾಗಿಲನ್ನು ತೆರೆಯದಿರಬಹುದು; ಅದು ಅದರ ಅಧಿಕಾರ. ಆದರೆ ಏಕೆ ತೆರೆಯಲಿಲ್ಲ, ಮುಂದೇನು ಮಾಡಬಹುದು ಎಂದು ಕೇಳುವುದರಲ್ಲಿ ನಾಚಿಕೆಯೂ ಇಲ್ಲ, ಅಪರಾಧವೂ ಇಲ್ಲ. ನೆರೆಹೊರೆಯವರು ಏನೆನ್ನುವರೋ ಎಂದು ಪತ್ರವನ್ನು ಪೆಟ್ಟಿಗೆಯಲ್ಲಿ ಅಡಗಿಸಿಟ್ಟರೆ ಗಡುವು ಮಾತ್ರ ಕಾಯುವುದಿಲ್ಲ.