ಬೀದಿಯ ಮಗುವಿಗೆ ನಾಣ್ಯ ಸಾಕೇ?

ಜಾತ್ರೆಗೆ ಹೊರಟಾಗ ರೈಲು ನಿಲ್ದಾಣದಲ್ಲಿ ಖಾಲಿ ಬಾಟಲಿ ಆಯುವ ಮಗುವೊಂದು ಕೈಚಾಚುತ್ತದೆ. ನಾವು ಒಂದು ನಾಣ್ಯ ಹಾಕಿ, ಪುಣ್ಯ ಬಂತೆಂದು ಮುಂದೆ ನಡೆಯುತ್ತೇವೆ. ಆ ನಾಣ್ಯ ಎಷ್ಟೋ ಸಲ ಮಗುವನ್ನು ಭಿಕ್ಷೆಗೆ ಹಚ್ಚಿದವನ ಜೇಬು ಸೇರುತ್ತದೆ.

ಬಡತನ, ಕುಡುಕ ತಂದೆಯ ಏಟು, ತಾಯಿಯ ಸಾವು, ಪಟ್ಟಣದ ಆಸೆ, ಹೀಗೆ ಮಕ್ಕಳು ಮನೆ ಬಿಡಲು ಕಾರಣಗಳು ಹಲವು. ಹೊರಬಿದ್ದ ಮೇಲೆ ರಾತ್ರಿ ಕಾಯುವವರಿಲ್ಲ. ಹಸಿವು ಮರೆಯಲು ವೈಟ್‌ನರ್ ಮೂಸುವುದನ್ನು ಕಲಿಯುತ್ತವೆ. ಪುಕ್ಕಟೆ ದುಡಿಸುವವರೂ ಮೈಮುಟ್ಟುವ ದುಷ್ಟರೂ ಇಂಥ ಮಕ್ಕಳನ್ನೇ ಹುಡುಕಿ ಬರುತ್ತಾರೆ.

ಅವರಿಗೆ ಸಲ್ಲಬೇಕಾದುದು ಭಿಕ್ಷೆಯಲ್ಲ, ಹಕ್ಕು. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿಗೆ ಕೊಟ್ಟಿತು. 2009ರ ಕಾಯ್ದೆಯಂತೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಉಚಿತ, ಕಡ್ಡಾಯ. 2015ರ ಬಾಲ ನ್ಯಾಯ ಕಾಯ್ದೆಯಂತೆ, ದಿಕ್ಕಿಲ್ಲದೆ ಸಿಕ್ಕ ಮಗುವನ್ನು ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಹೆತ್ತವರನ್ನು ಹುಡುಕಿಸುತ್ತದೆ. ಮನೆಯೇ ಸುರಕ್ಷಿತವಲ್ಲದಿದ್ದರೆ ಬೇರೆ ಆಸರೆ ಒದಗಿಸುತ್ತದೆ.

ಆದರೆ ಮಗು ಅಲ್ಲಿದೆಯೆಂದು ಯಾರಾದರೂ ಹೇಳಬೇಕಲ್ಲವೇ? ಅದಕ್ಕೇ 1098 ಎಂಬ ಸಹಾಯವಾಣಿಯಿದೆ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಇದು ಇಂದು ದೇಶದೆಲ್ಲೆಡೆ ಇದೆ. ಹಗಲಿರುಳು ಕರೆ ಮಾಡಬಹುದು, ಕಾಸು ಬೇಡ.

ಹಸಿದ ಮಗುವಿಗೆ ಉಣ್ಣಲು ಕೊಡಿ, ಬೇಡವೆನ್ನುವುದಿಲ್ಲ. ಅದು ಉಣ್ಣುತ್ತಿರುವಾಗ ಪಕ್ಕದಲ್ಲಿ ಕುಳಿತು ಊರು, ಹೆಸರು ಕೇಳಿ. ಆಮೇಲೆ ಆ ಕರೆ ಮಾಡಿ, ಯಾರಾದರೂ ಬರುವತನಕ ಕಾದಿರಿ. ರೈಲು ಇನ್ನೊಂದು ಸಿಕ್ಕೀತು.