ಲಿಪಿ ಬಾರದವರಿಗೂ ಓದಿಸುವ ಅಕ್ಷರ

ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಕಳೆದು ಮುತ್ತಂಗದ ಚೆಕ್‌ಪೋಸ್ಟಿಗೆ ಬಂದರೆ ಮಾತಿಗಿಂತ ಮೊದಲು ಬೋರ್ಡು ಬದಲಾಗುತ್ತದೆ. ನಮ್ಮ ಕಡೆಯ ಹೂವು, ತರಕಾರಿ ವ್ಯಾಪಾರಿಗಳಿಗೆ ಮಲಯಾಳಂ ಹೊಸದೇನಲ್ಲ. ಸುಲ್ತಾನ್ ಬತ್ತೇರಿಯ ಅಂಗಡಿಯವರಿಗೂ ಕನ್ನಡ ತಕ್ಕಮಟ್ಟಿಗೆ ಬರುತ್ತದೆ. ‘ಚೇಟ್ಟಾ, ಎತ್ರ?’ ಎಂದು ಇವರು ಕೇಳಿದರೆ, ‘ಅಣ್ಣಾ, ಇಪ್ಪತ್ತು ರೂಪಾಯಿ’ ಎಂದು ಅವರು ಹೇಳುತ್ತಾರೆ. ಲಿಪಿ ಎಂದ ಕೂಡಲೇ ಮಾತ್ರ ಇಬ್ಬರೂ ತಡವರಿಸುತ್ತಾರೆ.

ಹಾಗಾದರೆ ಬೋರ್ಡು ಓದುವುದು ಹೇಗೆ? ಅಕ್ಷರದ ವೇಷ ನೋಡಿ. ಕೂಲ್‌ಬಾರಿನ ನೀಲಿ ಅಕ್ಷರದ ನೆತ್ತಿಯ ಮೇಲೆ ಬಿಳಿ ಹಿಮ ಕೂತಿರುತ್ತದೆ, ಬುಡದಲ್ಲಿ ಹನಿ ತೊಟ್ಟಿಕ್ಕುತ್ತಿರುತ್ತದೆ. ಚಹಾದಂಗಡಿಯ ಅಕ್ಷರದಿಂದ ಹಬೆ ಏಳುತ್ತದೆ. ಚಿನ್ನದಂಗಡಿಯದು ಹಳದಿ, ಮೈಗೆ ದಪ್ಪ ನೆರಳು. ಓದದೆಯೇ ಅರ್ಥವಾಗಿಬಿಡುತ್ತದೆ.

ಬತ್ತೇರಿಯಲ್ಲಿ ಎರಡೂ ಲಿಪಿ ಬರೆಯುವ ವಯಸ್ಸಾದ ಪೇಂಟರ್ ಒಬ್ಬರಿದ್ದಾರೆ. ಕನ್ನಡದಲ್ಲಿ ಯಾವುದು ಕಷ್ಟ ಎಂದು ಕೇಳಿದೆ. ‘ನಿಮ್ಮ ಒತ್ತು ಸಾರ್. ಕೆಳಗೆ ಜಾಗ ಬಿಡ್ದಿದ್ರೆ ಬೋರ್ಡಿಂದ ಆಚೆ ಹೋಗುತ್ತೆ’ ಎಂದರು. ನಿಜ. ‘ಅಕ್ಕಿ’ ಬರೆಯಲು ನಮಗೆ ಎತ್ತರ ಬೇಕು. ಮಲಯಾಳಂಗೆ ಬೇಕಾದದ್ದು ಅಗಲ. ಇದಕ್ಕೆ ಒಂದು ಕಾರಣ 1971ರ ಲಿಪಿ ಸುಧಾರಣೆ. ಟೈಪ್‌ರೈಟರಿಗೂ ಅಚ್ಚುಕೂಟಕ್ಕೂ ಒಗ್ಗಲಿ ಎಂದು ನೂರಾರು ಅಚ್ಚುಮೊಳೆಗಳನ್ನು ಸುಮಾರು 90ಕ್ಕೆ ಇಳಿಸಲು ಹೊರಟಾಗ, ‘ಕು’ವಿನಲ್ಲಿ ‘ಕ’ದ ಮೈಗೇ ಅಂಟಿಕೊಂಡಿದ್ದ ಕೊಂಬು ಬೇರೆಯಾಗಿ ಪಕ್ಕಕ್ಕೆ ಬಂತು. ಕೂಡಕ್ಷರಗಳು ಬಿಡಿಬಿಡಿಯಾದವು. ಆದರೆ ಕೈಬರಹದಲ್ಲಿ ಹಳೆಯ ರೂಪ ಸಾಯಲಿಲ್ಲ. 2022ರಲ್ಲಿ ಕೇರಳ ಸರ್ಕಾರವೇ ಹಳೆಯ ಕೂಡಕ್ಷರಗಳಲ್ಲಿ ಕೆಲವನ್ನು ಮತ್ತೆ ಒಪ್ಪಿಕೊಂಡಿತು. ಅಕ್ಷರ ಬರೆಯುವವನಿಗೆ ಈ ಕೂಡುವ ಜಾಗವೇ ಆಟದ ಬಯಲು. ಕಲಾಕೌಮುದಿ ವಾರಪತ್ರಿಕೆಯ ಕತೆಗಳಿಗೆ ತಲೆಬರಹ ಬರೆದು ಹೆಸರಾದ ನಾರಾಯಣ ಭಟ್ಟತಿರಿಯವರ ಬರಹ ನೋಡಿದವರಿಗೆ ಇದು ಗೊತ್ತು. ಕತೆ ಓದುವ ಮೊದಲೇ ಅದರ ಗುಣ ಶೀರ್ಷಿಕೆಯಲ್ಲಿ ಕಾಣುತ್ತದೆ. ಈಗಿನ ಕಂಪ್ಯೂಟರ್ ಬೋರ್ಡುಗಳಲ್ಲಿ ಮದುವೆಗೂ ಮರಣಕ್ಕೂ ಒಂದೇ ಅಕ್ಷರ!

ಬೋರ್ಡು ತಿಳಿಯದಿದ್ದರೆ ಚಹಾದ ಬದಲು ಸರ್ಬತ್ತು ಸಿಕ್ಕೀತು, ಅಷ್ಟೆ. ಹೊಲಕ್ಕೆ ಹೊಡೆಯುವ ಔಷಧಿಯ ಬಾಟಲಿಯದು ಹಾಗಲ್ಲ. ವಯನಾಡಿನ ರೈತರು ಎಚ್.ಡಿ. ಕೋಟೆ, ಗುಂಡ್ಲುಪೇಟೆ, ಕೊಡಗಿನಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಅಲ್ಲಿಗೆ ವಯನಾಡಿನ ಆದಿವಾಸಿಗಳೂ ಕೂಲಿಗೆ ಹೋಗುತ್ತಾರೆ. ಬಾಟಲಿ ಒಂದು ರಾಜ್ಯದ್ದು, ಹೊಡೆಯುವ ಕೈ ಇನ್ನೊಂದು ರಾಜ್ಯದ್ದು. ವಿಚಿತ್ರವೆಂದರೆ ಎರಡು ಭಾಷೆಯಲ್ಲೂ ಈ ವಿಷವನ್ನು ಮದ್ದು ಎಂದೇ ಕರೆಯುತ್ತೇವೆ. ನಮಗೆ ‘ಔಷಧಿ’, ಅವರಿಗೆ ‘ಮರುನ್ನು’.

ಇದಕ್ಕೆಂದೇ ಒಂದು ಗುರುತಿದೆ. ಅದೂ 1971ರದ್ದೇ. ಆ ವರ್ಷದ ಕೀಟನಾಶಕ ನಿಯಮಗಳ ಪ್ರಕಾರ ಲೇಬಲ್ಲಿನ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕ ಇರಲೇಬೇಕು. ಕೆಳಗಿನ ತ್ರಿಕೋನದಲ್ಲಿ ಬಣ್ಣ, ಮೇಲಿನದರಲ್ಲಿ ಮಾತು. ಕೆಂಪಿದ್ದರೆ ಅತಿ ಘೋರ, ತಲೆಬುರುಡೆಯ ಜೊತೆ ಕೆಂಪಕ್ಷರದಲ್ಲಿ ‘ವಿಷ’. ಹಳದಿಗೂ ‘ವಿಷ’ವೇ, ಬುರುಡೆ ಮಾತ್ರ ಇಲ್ಲ. ನೀಲಿಗೆ ‘ಅಪಾಯ’, ಹಸಿರಿಗೆ ‘ಎಚ್ಚರಿಕೆ’. ಬಣ್ಣ, ಚಿತ್ರ, ಮಾತು ಮೂರೂ ಸೇರಿ ಒಂದೇ ಅರ್ಥ ಹೇಳಬೇಕೆಂಬ ಲೆಕ್ಕ. ಯೋಚನೆ ಒಳ್ಳೆಯದೇ. ಆದರೆ ನೂರು ಮಿಲಿ ಬಾಟಲಿಯಲ್ಲಿ ಆ ಮಾತು ಇರುವೆ ಸಾಲಿನಷ್ಟು ಸಣ್ಣದು. ಕಣ್ಣಿಗೆ ಬೀಳುವುದು ಕಂಪನಿಯ ಹೆಸರು, ಹಚ್ಚಗಿನ ಬೆಳೆಯ ಚಿತ್ರ. ಕೂಲಿಯೊಬ್ಬ ನನ್ನನ್ನೇ ಕೇಳಿದ: ‘ಹಸ್ರು ಅದೆ ಅಂದ್ರೆ ಗಿಡಕ್ಕೆ ಒಳ್ಳೇದು ಅಂತ ತಾನೆ ಬುದ್ಧಿ?’ ಹಸಿರು ಎಂದರೂ ಎಚ್ಚರಿಕೆಯೇ, ಕೈಗವಸಿಲ್ಲದೆ ಮುಟ್ಟಬೇಡ ಎಂದೆ. ಹಳದಿಯನ್ನು ಅವನು ಅರಿಶಿನ ಎಂದುಕೊಂಡರೆ ಯಾರನ್ನು ದೂರುವುದು?

ಬತ್ತೇರಿಯ ಔಷಧಿ ಅಂಗಡಿಯೊಂದರ ಮಾಲೀಕರು ಆ ಪೇಂಟರಿಂದಲೇ ಕಪಾಟಿನ ಮೇಲೆ ಎರಡು ಲಿಪಿಯಲ್ಲಿ ‘ವಿಷ’ ಎಂದು ಬರೆಸಿದ್ದಾರೆ. ಪದ ಎರಡೂ ಕಡೆ ಒಂದೇ. ಅವರು ಕೊನೆಗೆ ಒಂದು ಸೊನ್ನೆ ಸೇರಿಸಿ ‘ವಿಷಂ’ ಎನ್ನುತ್ತಾರೆ. ನಮ್ಮ ‘ಷ’ದ ಹೊಟ್ಟೆಯೊಳಗೆ ಒಂದು ಓರೆ ಗೀಟಿದೆಯಲ್ಲ, ಅದನ್ನೇ ಪೇಂಟರು ಎಲುಬು ಮಾಡಿದ್ದಾರೆ. ಮಲಯಾಳಂ ‘ಷ’ದ ಒಳಗೀಟಿಗೂ ಅದೇ ಗತಿ. ಕೆಂಪು ಬಣ್ಣ, ಮೊಳದೆತ್ತರ. ‘ಆ ಎಲುಬಿನ ಕಪಾಟಿಂದು ಬೇಡ, ಕಡಿಮೆ ಖಾರದ್ದು ಕೊಡಿ’ ಎಂದು ಕೇಳುವ ಗಿರಾಕಿಗಳು ಹೆಚ್ಚಿದ್ದಾರಂತೆ. ಗುಂಡ್ಲುಪೇಟೆಯ ಇಬ್ಬರು ಅಂಗಡಿಯವರು ತಮಗೂ ಬೇಕೆಂದು ಕಪಾಟಿನ ಅಳತೆ ಕೊಟ್ಟು ಹೋಗಿದ್ದಾರೆ.